ಏಳನೇ ಪುಟದ ಕೆಳಗೆ, ಎಡಗಡೆ

ಅಬರ್‌ವೆನ್ನಿನ ಜನ ಪತ್ರಿಕೆಯನ್ನು ಹಿಂದಿನಿಂದ ಓದುತ್ತಾರೆ.
ಮೊದಲು ರಗ್ಬಿ, ಆಮೇಲೆ ಸತ್ತವರು,
ಆಮೇಲೆ ಏಳನೇ ಪುಟದ ಕೆಳಗೆ, ಎಡಗಡೆ,
ಬೆಂಕಿಪೊಟ್ಟಣದಷ್ಟು ಜಾಗದಲ್ಲಿ
ವಾರದ ಉಬ್ಬರ ಇಳಿತಗಳ ಪಟ್ಟಿ.
ವೇಲ್ಸಿನ ಈ ಅಳಿವೆಯಲ್ಲಿ ಸಂಪಾದಕೀಯ ಯಾರಿಗೂ ಬೇಡವೆಂದು
ಸಂಪಾದಕ ಮೈರಿಗ್‌ಗೂ ಗೊತ್ತಿತ್ತು.
ಆದರೂ ಬುಧವಾರ ರಾತ್ರಿ ಮೂರು ಸಲ ತಿದ್ದುತ್ತಿದ್ದ,
ಒಲೆಯ ಮೇಲೆ ಹಾಲಿಟ್ಟವನ ಹಾಗೆ ಕದಲದೆ ಕೂತು.

ನಾನು ಹೈಲ್ವೆನ್, ಕೌಂಟರಿನವಳು.
ಇಪ್ಪತ್ತೊಂಬತ್ತು ವರ್ಷ
ಕಳೆದುಹೋದ ನಾಯಿ, ಮಾರುವ ಪಿಯಾನೊ, ಹುಟ್ಟಿದ ಕೂಸು
ಎಲ್ಲವನ್ನೂ ಪದ ಎಣಿಸಿ ಬರೆದುಕೊಂಡವಳು.
ಸಾವಿಗೆ ಮಾತ್ರ ಕಾಸಿರಲಿಲ್ಲ ಆಗ.
ಯಾರೇ ಸಾಯಲಿ, ಹತ್ತು ಸಾಲು ಪುಕ್ಕಟೆ.
ಅದು ಊರಿನ ಋಣ, ಎನ್ನುತ್ತಿದ್ದ ಮೈರಿಗ್.

ಪತ್ರಿಕೆ ಒಂದು ಸಲ ಮಾರಾಟವಾಯಿತು.
ಆಮೇಲೆ ಇನ್ನೊಂದು ಸಲ.
ಕೊಂಡವರನ್ನು ನಾವು ನೋಡಲಿಲ್ಲ,
ಅವರ ಸಹಿ ಮಾತ್ರ ಬರುತ್ತಿತ್ತು.
ಮೊದಲು ಹೋದದ್ದು ಅಚ್ಚಿನ ಯಂತ್ರ.
ಮರುವಾರ ಎದುರಿನ ಬೇಕರಿಯವಳು ಬಂದು
'ಏನೋ ಕಮ್ಮಿಯಾಗಿದೆಯಲ್ಲ, ಏನದು?' ಎಂದಳು.
ಗುರುವಾರದ ನಸುಕಿಗೆ ಅವಳ ಕಪಾಟಿನ ಗಾಜು ನಡುಗುತ್ತಿತ್ತು;
ಅವಳು ಏಳುತ್ತಿದ್ದದ್ದೇ ಆ ನಡುಕಕ್ಕೆ.

ಆಮೇಲೆ ಫೋಟೋದ ಯೆಸ್ಟಿನ್.
ಆಮೇಲೆ ಕೋರ್ಟಿಗೂ ಕೌನ್ಸಿಲ್ಲಿಗೂ ಹೋಗುತ್ತಿದ್ದ ನೆರಿಸ್.
ನಿದ್ದೆ ಬಾರದಿರಲೆಂದು ಅವಳು ಸಭೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು.
ಸೂಜಿಯ ಸದ್ದು ನಿಂತಿತೆಂದರೆ ಪೆನ್ನು ಎತ್ತಿಕೊಂಡಳೆಂದೇ ಅರ್ಥ,
ಅಧ್ಯಕ್ಷರು ಅರ್ಧ ಮಾತು ನುಂಗುತ್ತಿದ್ದರು.
ಕುರ್ಚಿ ಇನ್ನೂ ಅಲ್ಲೇ ಇದೆ, ಅದರ ಮೇಲೆ ಯಾರದೋ ಕೋಟು.
ಕಸದ ಗುತ್ತಿಗೆ ಯಾರಿಗೆ ಹೋಯಿತು?
ಯಾರದೋ ಭಾವಮೈದುನನಿಗಂತೆ.
ಅಂತೆ.
ನಮ್ಮೂರಿನ ಸುದ್ದಿಯೆಲ್ಲ ಈಗ ಈ ಎರಡಕ್ಷರದಲ್ಲಿ ಮುಗಿಯುತ್ತದೆ.

ಸಾವಿಗೂ ದರಪಟ್ಟಿ ಬಂತು. ಸಾಲಿಗೆ ನಾಲ್ಕು ಪೌಂಡು.
ಕಪ್ಪೆಚಿಪ್ಪು ಹೆಕ್ಕುವ ಇಥೆಲ್ ತೀರಿಕೊಂಡಾಗ
ಹೆಂಡತಿ ಎಲಿನೆಡ್ ಹಾಳೆ ತುಂಬ ಬರೆದು ತಂದಳು.
ನಾನು ಸಾಲು ಎಣಿಸಿದೆ. ಅವಳು ಚಿಲ್ಲರೆ ಎಣಿಸಿದಳು.
ಮೊದಲು 'ಪ್ರೀತಿಯ' ಎಂಬುದನ್ನು ಹೊಡೆದುಹಾಕಿದಳು.
ಮೊಮ್ಮಕ್ಕಳ ಹೆಸರು ಹೊಡೆದು 'ಐವರು' ಎಂದಳು.
'ಮರಳಿನ ಮೇಲೆ ಕತ್ತೆಗಾಡಿ ಓಡಿಸಿದ ಕೊನೆಯವನು'
ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತಿತು, ಆಮೇಲೆ ಹರಿಯಿತು.
ನನ್ನ ಚೀಲದಲ್ಲಿ ಎಂಟು ಪೌಂಡು ಇತ್ತು.
ಅವಳು ತೆಗೆದುಕೊಳ್ಳುತ್ತಿರಲಿಲ್ಲ ಎಂದು
ಈಗ ಹೇಳಿಕೊಳ್ಳುತ್ತೇನೆ.

ಕೊನೆಗೆ ಪುಟ ಕಟ್ಟುವ ಕೆಲಸವೂ ಹೋಯಿತು,
ಇನ್ನೂರು ಮೈಲಿಯಾಚೆ, ಹದಿನಾಲ್ಕು ಊರುಗಳ ಪತ್ರಿಕೆಯನ್ನು
ಒಂದೇ ಕೋಣೆಯಲ್ಲಿ ಕಟ್ಟುವಲ್ಲಿಗೆ.
ಅಲ್ಲಿನ ಹುಡುಗ ಕೆಟ್ಟವನಲ್ಲ.
ಫೋನಿನಲ್ಲಿ ಒಮ್ಮೆ ಕೇಳಿದ: 'ನಿಮ್ಮೂರಿಗೆ ಸಮುದ್ರ ಇದೆಯಾ?'
ಮಾರ್ಚಿಯ ಮೂರನೇ ವಾರ, ಏಳನೇ ಪುಟದ ಕೆಳಗೆ,
ಬೇರೆ ಯಾವುದೋ ಊರಿನ ಸಮುದ್ರ ಅಚ್ಚಾಯಿತು.
ಒಂದು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಬರುವ ಸಮುದ್ರ.

ಇಥೆಲ್‌ಗೆ ಪಟ್ಟಿ ಬೇಕಿರಲಿಲ್ಲ,
ಹಕ್ಕಿಗಳು ಏಳುವುದನ್ನು ನೋಡಿಯೇ ಹೇಳುತ್ತಿದ್ದ.
ಎಲಿನೆಡ್ ಪತ್ರಿಕೆ ನಂಬಿದವಳು.
ಗಂಡನ ಜರಡಿ ಹಿಡಿದು ದಿಬ್ಬದಾಚೆ ಬಗ್ಗಿದ್ದಳು,
ಜೇಬಿನಲ್ಲಿ ಕತ್ತರಿಸಿಟ್ಟ ಪಟ್ಟಿ.
ನೀರು ಬೆನ್ನ ಹಿಂದಿನಿಂದ ಬಂತು.

ಸೊಂಟದವರೆಗೆ ತೊಯ್ದು, ಒಂದು ಬೂಟು ಕಳೆದುಕೊಂಡು
ಸೀದಾ ಕೌಂಟರಿಗೆ ಬಂದಳು. ಬೈಯಲಿಲ್ಲ.
ಒದ್ದೆ ಚೂರನ್ನು ಮೇಜಿನ ಮೇಲೆ ಬೆರಳಿಂದ ನೇರ ಮಾಡಿ
'ತಪ್ಪಾಯಿತು ಅನ್ನೋದಕ್ಕೆ ಸಾಲಿಗೆಷ್ಟು?' ಎಂದಳು.

ಜೂನಿನಲ್ಲಿ ಬಾಗಿಲು ಹಾಕಿದರು.
ಗಾಜಿಗೆ ಒಳಗಿನಿಂದ ಹಳೆಯ ಸಂಚಿಕೆಗಳನ್ನು ಅಂಟಿಸಿದ್ದಾರೆ,
ಬಸ್ಸಿಗೆ ಕಾಯುವವರು ನಿಂತು ಓದುತ್ತಾರೆ, ಹಿಂದಿನಿಂದಲೇ.
ಇಥೆಲ್‌ನ ಮೂರು ಸಾಲಿನ ಸಾವಿನ ಪಕ್ಕ
ಯಾರೋ ನೀಲಿ ಪೆನ್ನಿನಲ್ಲಿ
ಕತ್ತೆಗಾಡಿಯ ವಿಷಯ ಸೇರಿಸಿದ್ದಾರೆ.
ಐದು ಹೆಸರೂ ಇವೆ.
ಅಕ್ಷರ ಅಂಚು ದಾಟಿ ರಗ್ಬಿಯ ಮೇಲೆ ಹರಿದಿದೆ.

ಬೀಗದ ಕೈ ವಾಪಸು ಕೇಳಿ
ಯಾರ ಸಹಿಯೂ ಬಂದಿಲ್ಲ, ಇನ್ನೂ.