ಎಂಟನೇ ರಕಾನೆ

ಮುಧೋಳದ ಆಚಿಕಿ, ಘಟಪ್ರಭಾ ದಂಡಿಗೆ,
ಕಾಕಂಬಿ ವಾಸನಿ ಹತ್ತಿದ ಟೈಂ ಆಫೀಸು.
ನನ್ನ ಮುಂದ ಎರಡು ಫಾರಮ್ಮು,
ಹೆಡ್ ಪ್ಯಾನ್‌ಮನ್ ಜಾಗಾ ಒಂದ.
ಎಂಟನೇ ರಕಾನೆ: ಅನುಭವ, ವರ್ಷಗಳಲ್ಲಿ.

ಲಗಮಣ್ಣ ಸನದಿ. ಇಪ್ಪತ್ತಾರು.
"ವರ್ಷ ಅಲ್ಲರೀ ಬಾಯಾರ, ಹಂಗಾಮು ಅಂತ ಬರೀರಿ.
ಕಬ್ಬಿಲ್ಲದ ಆರು ತಿಂಗಳು ನಾ ಏನ ಕಲತೇನಿ?"
ದಸ್ತಗೀರ ನದಾಫ. ಎರಡು.
ಒಂದ ಅಂಕಿ ಬರಿಯಾಕ ಪೆನ್ನಿಗೆ ಸಂಕೋಚ ಆಗಿ
ಮುಂದೊಂದು ಸೊನ್ನಿ ಕುಂಡ್ರಿಸಿದೆ.

ಮೂರನೇ ಮಹಡಿಮ್ಯಾಲ ಪ್ಯಾನು ಕುದಿತಿರತೇತಿ.
ಹಿತ್ತಾಳಿ ಸಲಾಕಿ ಒಳಗ ದೂಡಿ, ತಿರುವಿ, ಹಿರಿದು,
ಗಾಜಿನ ತುಂಡಿಗೆ ಚೂರು ಪಾಕ ಸವರಿ
ಲಗಮಣ್ಣ ದೀಪಕ್ಕ ಹಿಡೀತಾನ —
ಹಿಡೀತಿದ್ದ.
ಈಗ ಎರಡು ಬೆರಳಿನ ನಡುವ ತಿಕ್ಕಿ
"ಕೂಡೇತಿ ಕಾಳು" ಅಂತಾನ, ಅಷ್ಟ.
ಗಾಜಿನಮ್ಯಾಲ ತಂಬಾಕಿಗೆ ಸುಣ್ಣ ಕಲಸತಾನ.

ದಸ್ತಗೀರ ಐದು ನಿಮಿಷಕ್ಕೊಮ್ಮೆ ಗಾಜು ನೋಡತಾನ.
ಜಾಣತನ ಅಲ್ಲ, ಅಂಜಿಕಿ.
ಕಿಸೆದಾಗಿನ ವಹಿಯೊಳಗ ಬರಕೋತಾನ:
ವ್ಯಾಕ್ಯೂಮ್ ಇಷ್ಟು, ಕಾಳು ಸಣ್ಣ ರವಾದಷ್ಟು,
ಹನ್ನೊಂದೂ ಇಪ್ಪತ್ತಕ್ಕ ಕೆಮ್ಮು ಬಂತು, ನೋಡಲಿಲ್ಲ.

ಹೋದ ಹಂಗಾಮಿನ್ಯಾಗ ದರದ ಜಗಳಕ್ಕ
ಎಂಟು ದಿನ ಟ್ರಾಲಿ ಹಾದ್ಯಾಗ ನಿಂತು
ಕಬ್ಬು ಹುಳಿ ಹತ್ತಿತ್ತು.
ಬೆರಳಿಗೆ ಎಲ್ಲಾ ಎಂದಿನಂಗ.
"ಕಾಕಾ, ಒಮ್ಮೆ ಗಾಜು..." ಅಂದ ಹುಡುಗ.
"ನೀ ಹುಟ್ಟೋಕಿಂತ ಮದಲ ಈ ಪ್ಯಾನು ಇಳಿಸೇನಿ."
ಇಳಿಸಿದ.
ಹುಸಿ ಕಾಳು. ಸಕ್ಕರಿ ಆಗಬೇಕಾದ್ದು
ಮಶಿನ್ನಿನ ಜಾಳಗಿಯಿಂದ ಪಾರಾಗಿ
ಕಾಕಂಬಿ ಕೂಡ ಹೋತು, ನಲವತ್ತು ಟನ್ನಿನ ಪಾಕದ್ದು.
ಇಷ್ಟ ಆಗಿದ್ರ ನನ್ನ ಕೆಲಸ ಹಗರ ಇತ್ತು.

ಫೆಬ್ರವರಿ ಒಂದು ರಾತ್ರಿ ಕರೆಂಟು ಹೋತು.
ದೀಪಿಲ್ಲದ ಗಾಜು ಬರೇ ಗಾಜು.
ದಸ್ತಗೀರ ಒಬ್ಬನ, ವಹಿ ಹಿಡಕೊಂಡು ಕತ್ತಲದಾಗ.
ಡ್ಯೂಟಿ ಇಲ್ಲದ ಲಗಮಣ್ಣ ಮೆಟ್ಟಲಾ ಎಣಿಸಕೋತ ಬಂದ,
ಪ್ಯಾನಿನ ಬದಿಗೆ ಅಂಗೈ ಊರಿ ನಿಂತ:
"ಉಗಿ ಕಡಿಮಿ ಮಾಡು. ಇನ್ನಷ್ಟು. ತಡಿ.
ನೀರು ಬಿಡು ಈಗ."
ದೀಪ ಬಂದಾಗ ಗಾಜಿನಮ್ಯಾಲ
ಕಾಳು ಕಾಳೂ ಮೂಲಿ ಮುರೀದ ಮಿಂಚತಿತ್ತು.
"ಹೆಂಗ ಗೊತ್ತಾತು ಕಾಕಾ?"
ಲಗಮಣ್ಣ ತನ್ನ ಕೈ ನೋಡಕೊಂಡ,
ಯಾರದೋ ಉದ್ರಿ ತಂದಂಗ.
"ಗೊತ್ತಿಲ್ಲೋಪಾ."
ಆ ರಾತ್ರಿ ವಹಿಯ ಹಾಳಿ ಖಾಲಿ ಐತಿ.

"ವರ್ಷ ನೋಡ್ರಿ, ಮುಗಸ್ರಿ" ಅಂತಾರ ಸಾಹೇಬರು.
ಹತ್ತೊಂಬತ್ತು ವರ್ಷ ಈ ಕುರ್ಚ್ಯಾಗ ಕುಂತೇನಿ;
ಈಗೂ ಜನವರಿ ಪೂರಾ
ಹೋದ ವರ್ಷದ ಇಸವಿ ಬರದು ಹೊಡದು ಹಾಕತೇನಿ.
ನನ್ನ ಫಾರಮ್ಮಿನ ಎಂಟನೇ ರಕಾನೆ
ಯಾರಿಗೆ ತೋರಿಸಲಿ?

ಸಂಜಿಮುಂದ ಸಹಿಗೆ ಬಂದ ಲಗಮಣ್ಣ.
ಚಾಳೀಸು ಮನ್ಯಾಗ ಮರತಿದ್ದ.
ಫಾರಮ್ಮು ಕಿಟಕಿ ಬೆಳಕಿಗೆ ಎತ್ತಿ ಹಿಡದು
ಭಾಳ ಹೊತ್ತು ನೋಡಿದ.
ಪಕ್ಕದ ಫಾರಮ್ಮಿನ ಸೊನ್ನಿನೂ ನೋಡಿದ ಅನಸತೇತಿ.
ಸಹಿ ಮಾಡಿ, ಎದ್ದು, ಬಾಗಲದಾಗ ನಿಂತು
ಕಿಸೆದಾಗಿನ ಗಾಜು ತಗದು
ಅಂಗಿ ಚುಂಗಿಲೆ ಒರಸಕೋತ ಹ್ವಾದ.
ಸುಣ್ಣ ಪೂರಾ ಹೋಗಲಿಲ್ಲ.