ಅಂಚಿಲ್ಲದ ಕೊಕ್ಕರೆ

ಕೊಕ್ಕಿನಿಂದಲೇ ಶುರು ಮಾಡಿದೆ.
ಅಲ್ಲಿ ಅಂಚು ಮೊದಲೇ ಎದ್ದಿತ್ತು,
ಸೂಜಿಗೆ ಸರದಿ ಕಾಯುತ್ತ ಕೂತ
ಎಷ್ಟು ಮಕ್ಕಳ ಉಗುರು ಕೆರೆದಿತ್ತೋ, ಎಂಟು ವರ್ಷ.

ಕ್ಲೈಪೆಡಾದ ಈ ಮಕ್ಕಳ ಆಸ್ಪತ್ರೆಯಲ್ಲಿ
ಇವನ್ನು ಅಂಟಿಸಿದವನೂ ನಾನೇ.
ರಿಮ್ವಿದಾಸ್ ಅಂಟಿಸಿದರೆ ಗುಳ್ಳೆ ಏಳುವುದಿಲ್ಲ
ಎಂದು ಬಂದರಿನ ಅಂಗಡಿಸಾಲಿಗೆಲ್ಲ ಗೊತ್ತು.
ಹೆಮ್ಮೆಯಿತ್ತು. ಸುಳ್ಳು ಹೇಳಲಾರೆ.

ಈಗ ಒಂದು ಕೈ ಬಿಸಿಗಾಳಿ ಹಿಡಿದು ಕಾಯಿಸುತ್ತದೆ,
ಒಂದು ಕೈ ಎಳೆಯುತ್ತದೆ.
ಹೊಸ ಚಪ್ಪಲಿಯನ್ನು ಒಲೆಯ ಪಕ್ಕ ಮರೆತಂಥ ವಾಸನೆ,
ರಾತ್ರಿ ಸೂಪಿನ ಬಟ್ಟಲಲ್ಲೂ ಅದೇ.
ಕೊಕ್ಕರೆ ಸುಮ್ಮನೆ ಬರುವುದಿಲ್ಲ,
ಬರುವಾಗ ಗೋಡೆಯ ಚರ್ಮವನ್ನೂ ತರುತ್ತದೆ:
ಬಿಳಿ ಬಣ್ಣ, ಅದರ ಕೆಳಗಿನ ಹಸಿರು,
ಅದರ ಕೆಳಗೆ ಯಾರ ಕಾಲದ್ದೋ ಸುಣ್ಣ.
ಪ್ಲಾಸ್ಟಿಕ್ಕಿನ ಹಿಂದೆ ಉಸಿರು ಕಟ್ಟಿದ ಗೋಡೆ
ಕಪ್ಪು ಚುಕ್ಕೆ ಚುಕ್ಕೆಯಾಗಿ ಬೆವರಿತ್ತು.

ಮೊನ್ನೆ ಸವರಿ ಒಣಗಿಸಿದ ಎದುರು ಗೋಡೆಗೆ
ಉಗ್ನೆ ಹಳಿ ಜೋಡಿಸುತ್ತಿದ್ದಾಳೆ.
ತನ್ನ ಯಂತ್ರಕ್ಕೆ ಅಜ್ಜನ ಹೆಸರಿಟ್ಟಿದ್ದಾಳೆ, ಯೂಸ್ತಿನಾಸ್.
ಹತ್ತುತ್ತದೆ, ಇಳಿಯುತ್ತದೆ, ಬೆರಳಗಲ ಸರಿಯುತ್ತದೆ,
ಮತ್ತೆ ಹತ್ತುತ್ತದೆ. ಗೊಣಗುವುದೂ ಉಂಟು.

"ನಿನ್ನದೇನು ಹಾಲೇ?" ಎಂದೆ.
"ಶಾಯಿ ಶಾಯೀನೇ, ಕುಡಿಯಬೇಡ," ಅಂದಳು.
"ದೀಪ ಕರೆಂಟು ತಿನ್ನುತ್ತೆ, ಡಬ್ಬಿ ಉಳಿಯುತ್ತೆ.
ಆದರೆ ಬೇಕಾದಷ್ಟೇ ಹನಿ, ಬಿದ್ದಲ್ಲೇ ಒಣಗುತ್ತೆ.
ಕತ್ತರಿಸಿ ಬಿಸಾಡೋ ತುಂಡಿಲ್ಲ.
ಬೆನ್ನಿಗೆ ಕಾಗದ ಇಲ್ಲ."

ಬೆನ್ನಿನ ಕಾಗದ.
ಅದನ್ನು ನಾನು ಎಂದೂ ಲೆಕ್ಕಕ್ಕೆ ಹಿಡಿದವನಲ್ಲ.
ಮೇಣ ಸವರಿದಂಥ ಆ ಜಾರು ಹಾಳೆ,
ಅಂಟಿಸಿದ ಚಿತ್ರ ಎಷ್ಟಗಲವೋ ಅದೂ ಅಷ್ಟಗಲ,
ಇಪ್ಪತ್ತಾರು ವರ್ಷ ಸುರುಳಿ ಸುತ್ತಿ ಮೂಲೆಗೆ ಒಗೆದೆ.
ಹಳದಿ ತೊಟ್ಟಿಯವರು ಬೇಡವೆಂದರು,
ನೀಲಿ ತೊಟ್ಟಿಯವರೂ ಬೇಡವೆಂದರು.

ಮಧ್ಯಾಹ್ನ, ದಾದಿ ಗೆನೊವಾಯ್ತೆ ಟೀಗೆ ಹೋದಾಗ,
ಕಿತ್ತದ್ದನ್ನೆಲ್ಲ ಉಂಡೆ ಮಾಡಿ
ಕೂಸುಗಳ ತಕ್ಕಡಿಯ ಮೇಲಿಟ್ಟೆ. ಏಕೆಂದು ಗೊತ್ತಿಲ್ಲ.
ಮುಳ್ಳು ನಡುಗಿ ನಿಂತಿತು. ಮೂರು ಕಿಲೋ ನಾನ್ನೂರು.
ನನ್ನ ಮಗಳು ಹುಟ್ಟಿದಾಗ ಇಷ್ಟೇ ಇದ್ದಳು.

ಬಾಗಿಲಲ್ಲಿ ಗೆನೊವಾಯ್ತೆ. ಬೈಯುತ್ತಾಳೆಂದುಕೊಂಡೆ.
ಬಗ್ಗಿ ಮುಳ್ಳು ನೋಡಿ, ದಾದಿಯ ದನಿಯಲ್ಲೇ ಅಂದಳು:
"ತೂಕ ಸರಿಯಾಗಿದೆ. ಆದರೆ ಇದು ಬೆಳೆಯೋದಿಲ್ಲ.
ಸಾಯೋದೂ ಇಲ್ಲ.
ಯಾರ ಕೈಗೆ ಕೊಟ್ಟು ಕಳಿಸ್ತೀಯ?"

ಹೂಳಿದರೆ ಮಣ್ಣಿನಲ್ಲೂ ಕೊಕ್ಕರೆಯಾಗಿಯೇ ಇರುತ್ತದೆ.
ಸುಟ್ಟರೆ ಹೊಗೆ ಸಮುದ್ರದ ಗಾಳಿಗೆ ಸಿಕ್ಕಿ
ನಾವು ಬಟ್ಟೆ ಹರವಿದ ತಂತಿಗೇ ಮರಳುತ್ತದೆ.
ಚೀಲದ ಬಾಯಿ ಕಟ್ಟಿದೆ.

ಕತ್ತಲಾಗುವಷ್ಟರಲ್ಲಿ ಮುದುಕ ಯೂಸ್ತಿನಾಸ್
ಒಂದು ಕೊಕ್ಕರೆ ಮುಗಿಸಿದ್ದ.
ಗೋಡೆಯ ಉಬ್ಬುತಗ್ಗು ಹಾಗೇ ಉಳಿದು
ರೆಕ್ಕೆಯೊಳಗಿನ ಬಿರುಕು ಮೂಳೆಯಂತೆ ಕಾಣುತ್ತಿತ್ತು.
ಬೇಸರವಾದ ದಿನ ಮೇಲೊಂದು ಸಲ ಬಣ್ಣ ಬಳಿದರಾಯಿತು,
ಕೀಳುವ ಗೋಜಿಲ್ಲ, ಅಂದಳು ಉಗ್ನೆ.
ಕೀಳುವುದೇ ಈಗ ನನ್ನ ಕೂಲಿ ಎಂದು ನಾನು ಹೇಳಲಿಲ್ಲ.

ಅವಳು ಆ ಕಡೆ ತಿರುಗಿದಾಗ
ಕೊಕ್ಕಿನ ಮೇಲೆ ಉಗುರಾಡಿಸಿದೆ,
ಅಂಚಿಗಾಗಿ, ಅಭ್ಯಾಸಬಲದಿಂದ.
ತುದಿಯಿಂದ ತುದಿಗೆ ಬರೀ ಗೋಡೆ.

ಬಸ್ಸಿನಲ್ಲಿ ತೋಳು ನೋಡಿಕೊಂಡರೆ
ಕೆಂಪು ಕೊಕ್ಕಿನ ಚೂರೊಂದು, ಉಗುರಿಗಿಂತ ಚಿಕ್ಕದು,
ಉಣ್ಣೆಯ ಕೋಟಿಗೆ ಕಚ್ಚಿ ಕೂತಿದೆ.
ಕಿತ್ತೆ. ಬೆರಳಿಗೆ ಅಂಟಿತು.
ಇನ್ನೊಂದು ಬೆರಳಿನಿಂದ ಕಿತ್ತೆ. ಅದಕ್ಕೆ ಅಂಟಿತು.
ಮೂರು ಸ್ಟಾಪು ಇದೇ ಕೆಲಸ.
ಒಳ್ಳೆಯ ಅಂಟು.
ನಾನೇ ಆರಿಸಿದ್ದು.