ಕುದುರೆ ಮಾರಾಟಕ್ಕಿದೆ

ಪತ್ರಿಕೆಯ ಹೆಸರು ‘ತಂತಿ’.
ಬೇಡ ಅಂತ ಮೊದಲೇ ಹೇಳಿದ್ದೆ.
ಮಾನ್ವಿಯಲ್ಲಿ ಅಂಚೆಯವ ‘ತಂತಿ ಬಂದೈತಿ’ ಅಂದದ್ದೇ ತಡ
ಮುದುಕಿಯೊಬ್ಬಳು ಬಾಯಿ ಬಡಕೊಂಡು
ಓಣಿಯನ್ನೆಲ್ಲ ಕೂಡಿಸಿದಳಂತೆ.
ಒಳಗಿದ್ದದ್ದು, ಏಕತಾರಿಗೆ ಸೋರೆಬುರುಡೆ ಒಣಗಿಸುವ ಬಗೆ,
ಪುಟ ಆರರಿಂದ ಒಂಬತ್ತು.

ಸಂಪಾದಕರು ದಸ್ತಗೀರ್ ಮೇಷ್ಟ್ರು,
ಡ್ರಾಯಿಂಗ್ ಕಲಿಸಿ ನಿವೃತ್ತರಾದವರು.
ಅರ್ಧ ಪೆನ್ಶನ್ನು ಕಾಗದಕ್ಕೆ,
ಉಳಿದದ್ದರಲ್ಲಿ ಸಾರಂಗಿ, ಆಮೇಲೆ ಮನೆ.
ಮೂರು ತಿಂಗಳಿಗೊಮ್ಮೆ ನೂರಾ ಎಂಬತ್ತು ಪ್ರತಿ,
ರಾಯಚೂರಿನ ತೀನ್ ಕಂದೀಲ್ ಹಿಂದಿನ ಗಲ್ಲಿಯಲ್ಲಿ.
ಮೊಳೆ ಜೋಡಿಸುವವಳು ನಾನು.
ಅಕ್ಷರಗಳನ್ನು ತಲೆಕೆಳಗಾಗಿ ಓದಿ ಓದಿ
ಸಾರಂಗಿಯನ್ನೂ ಹಾಗೇ ಕಲಿತೆ:
ಒಂದು ಸ್ವರ ಗೊತ್ತಿಲ್ಲ,
ಮೂರು ನರದ ತಂತಿ, ಅಡಿಗೆ ಮೂವತ್ತೈದು ತರಬು,
ಎಲ್ಲದರ ಕಾಗುಣಿತ ಬಾಯಿಪಾಠ.

ಐದನೇ ಸಂಚಿಕೆಯ ಕೊನೆಗೆ ಅರ್ಧ ಇಂಚು ಜಾಗ ಉಳಿಯಿತು.
ಮೇಷ್ಟ್ರು ಹೇಳಿದರು, ನಾನು ಜೋಡಿಸಿದೆ:
‘ಕುದುರೆ ಮಾರಾಟಕ್ಕಿದೆ. ಜಿಂಕೆಕೊಂಬಿನದು. ಬಿರುಕಿಲ್ಲ.’
ಕೆಟ್ಟ ಪ್ರತಿಗಳು ಎಂದಿನಂತೆ ಮಿರ್ಚಿ ಅಂಗಡಿಗೆ ಹೋದವು.
ಎಣ್ಣೆ ಹೀರಿ, ಹರಿದು,
ಹುಸೇನಪ್ಪನ ಕೈಗೆ ಬಂದದ್ದು ಎರಡೇ ಪದ,
ಮತ್ತು ನಮ್ಮ ವಿಳಾಸ.

ಸ್ಟೇಷನ್ ಟಾಂಗಾದವನು. ಹೆಗಲ ಮೇಲೆ ಚಾಟಿ ಇನ್ನೂ ಇತ್ತು.
‘ಕುದ್ರಿ ಎಲ್ಲಿ ಕಟ್ಟೀರಿ?’

ಮೇಷ್ಟ್ರು ಡ್ರಾಯರು ಎಳೆದು
ಕರವಸ್ತ್ರ ಬಿಚ್ಚಿ ಅವನ ಅಂಗೈ ಮೇಲಿಟ್ಟರು.
ಮುರಿದ ಬಾಚಣಿಗೆಯಷ್ಟೂ ಇಲ್ಲ.
ನಾನು ಮೊಳೆಪೆಟ್ಟಿಗೆಗೆ ಬಗ್ಗಿ ನಗು ನುಂಗಿದೆ.
ಅವನು ನಗಲಿಲ್ಲ. ಬೆರಳಿಂದ ಬೆನ್ನು ತಡವಿದ,
ಹಲ್ಲು ನೋಡುವವನ ಹಾಗೆ ಬೆಳಕಿಗೆ ಹಿಡಿದ.
‘ಎಷ್ಟು ಹೊರತೈತಿ?’
‘ಮೂವತ್ತೆಂಟು ತಂತಿ. ಹಗಲೂ ರಾತ್ರಿ.’
‘ಮೇವು?’
‘ಇಲ್ಲ.’
‘ಹಂಗಾರ ನಮ್ಮ ಬಿಜಲಿಗಿಂತ ಪಾಡ’ ಅಂದು
ಕಾಗದದ ರೀಮಿನ ಮೇಲೆ ಕೂತುಬಿಟ್ಟ.
ಬಿಜಲಿ ಅಮಾಸಿ ಮುಂದ ಹೋತಂತೆ, ಗಂಜ್ ರಸ್ತೆಯಲ್ಲಿ, ನಿಂತಲ್ಲೇ.
ತಲೆ ಎತ್ತಿ ಗೋಡೆ ನೋಡಿದ.
ಅಲ್ಲಿ ಬೋಳು ಕಮಾನು.
‘ಕೂದಲಾ ಸಿಗವಲ್ದು’ ಅಂದರು ಮೇಷ್ಟ್ರು.

ಮೂರು ದಿನ ಬಿಟ್ಟು ಮತ್ತೆ ಬಂದ,
ಬಗಲಲ್ಲಿ ತೊಳೆದು ಸುತ್ತಿದ ಬಾಲ, ಕೆಂಪು ದಾರದ ಗಂಟು.

ಎರಡನೇ ಸಂಚಿಕೆ ನನಗೆ ನೆನಪಿತ್ತು.
‘ಹೆಣ್ಣು ಕುದುರೆಯ ಕೂದಲು ಕಮಾನಿನಲ್ಲಿ ಬಾಳದು’:
ಆ ಸಾಲಿಗೆ ಳ ಮೊಳೆ ತೀರಿ
ಪಕ್ಕದ ಪ್ರೆಸ್ಸಿನಿಂದ ಸಾಲ ತಂದಿದ್ದೆ.
ನಾನು ಮೇಷ್ಟ್ರನ್ನು ನೋಡಿದೆ.
ಅವರು ನನ್ನನ್ನು ನೋಡಲಿಲ್ಲ.
‘ಕೊಡ್ರಿ’ ಅಂದರು, ರಾಳ ಹುಡುಕಿದರು.

ಕರೆಂಟು ಹೋಗಿತ್ತು, ಮಷಿನ್ನು ಸುಮ್ಮನಿತ್ತು.
ಅವರು ನುಡಿಸಿದ್ದು ಏನೋ, ನನ್ನನ್ನು ಕೇಳಬೇಡಿ.
ಹುಸೇನಪ್ಪ ಕಿವಿ ಓರೆಮಾಡಿ ಬಹಳ ಹೊತ್ತು ಕೇಳಿ,
‘ಎಡಕ್ಕ ಎಳೀತೈತಿ’ ಅಂದ.
‘ಅದಕ್ಕ ಮೊದಲಿಂದ ಆ ಚಟ ಇತ್ತು.’

ಆರನೇ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆವು:
ಸಂಚಿಕೆ ಎರಡು, ಪುಟ ಹನ್ನೊಂದು,
‘ಬಾಳದು’ ಎಂಬಲ್ಲಿ ‘ಬಾಳೀತು’ ಎಂದು ಓದಿಕೊಳ್ಳಿ.
ಜಾಹೀರಾತನ್ನೂ ಮತ್ತೆ ಹಾಕಿದೆವು,
ಮುಂದೆ ‘ಸಾರಂಗಿಯ’ ಅಂತ ಸೇರಿಸಿ.
ಈ ಸಲ ಯಾರೂ ಬರಲಿಲ್ಲ.